ಓಗಾವಾ ಸಾಹೇಬರ ಸೂತಕ

ನಮ್ಮ ಮನೆಯಲ್ಲಿ ಹನ್ನೊಂದು ದಿನ ಸೂತಕ ಹಿಡಿದದ್ದು ಇನ್ಸ್‌ಪೆಕ್ಟರ್ ಓಗಾವಾ ಅವರಿಗೆ. ಊರು ಟೋಕಿಯೋ. ವಯಸ್ಸು ಮೂವತ್ತನಾಲ್ಕು. ಕುಲ ಗೊತ್ತಿಲ್ಲ. ಎತ್ತರ ಇಷ್ಟೇ ಎಂದು ಹೇಳುವುದೂ ಕಷ್ಟ. ಒಂದೊಂದು ಪುಟದಲ್ಲಿ ಒಂದೊಂದು ಥರ ಬರೆದಿದ್ದಾರೆ.

ಬರೆದಿದ್ದಾರೆ ಎಂದೆನಲ್ಲ, ತೊಂದರೆ ಇರುವುದೇ ಅಲ್ಲಿ. ಓಗಾವಾ ಸಾಹೇಬರು ಜಪಾನಿನ ಒಂದು ಚಿತ್ರಕಥೆಯಲ್ಲಿ ಭಯೋತ್ಪಾದಕರನ್ನು ಹಿಡಿಯುವ ಪೊಲೀಸು. ಪುಸ್ತಕ ಇಂಗ್ಲಿಷಿನಲ್ಲಿದೆ, ಹಿಂದಿನಿಂದ ಮುಂದಕ್ಕೆ ಓದಬೇಕು, ಕಥೆ ಎಷ್ಟು ಪುಸ್ತಕಕ್ಕೆ ಮುಗಿಯುತ್ತದೆ ಎಂಬುದು ಬರೆದವನಿಗೂ ಗೊತ್ತಿದ್ದಂತಿಲ್ಲ. ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಮಗಳು ಸಿರಿಗೆ ಇವನ್ನು ತಂದುಕೊಡುವವಳು ಅವಳ ಗೆಳತಿ ಮುನ್ನೀ. ಮುನ್ನೀಗೆ ಯಾರು ತಂದುಕೊಡುತ್ತಾರೆ ಎಂದು ವಿಚಾರಿಸುವಷ್ಟು ಪುರುಸೊತ್ತು ನನಗಿಲ್ಲ. ಬೆಳಿಗ್ಗೆ ಸಂಜೆ ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ, ನಡುವಿನ ಹೊತ್ತು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಮೇಸ್ತ್ರಿ. ಮಗಳು ಏನಾದರೂ ಓದುತ್ತಿದ್ದಾಳೆ ಎಂಬುದೇ ನನಗೆ ಸಮಾಧಾನ.

ಆ ಭಾನುವಾರ ಕೂಟಗಲ್ ಪಕ್ಕದ ನಮ್ಮೂರಿಗೆ ಉಯ್ಯಂಬಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ನನ್ನ ತಂಗಿ ಮಮತಾಗೆ ಮೂವತ್ತು ತುಂಬಿದೆ. ಹುಡುಗ ಮುನಿಕೃಷ್ಣನನ್ನು ಅವಳು ಒಪ್ಪಿದ್ದಳು, ಅವನೂ ಅವಳನ್ನು ಒಪ್ಪಿದ್ದ. ಉಳಿದದ್ದು ಹುಡುಗನ ದೊಡ್ಡಪ್ಪ ದೊಡ್ಡಹನುಮಯ್ಯನವರು ಒಪ್ಪುವುದು. ದೊಡ್ಡಹನುಮಯ್ಯನವರು ಶಾಸ್ತ್ರದ ಮನುಷ್ಯ. ಯಾವ ಎಡೆಗೆ ಎಷ್ಟು ಎಲೆ, ಯಾವ ಸಾವಿಗೆ ಎಷ್ಟು ದಿನ ಎಂದು ಆ ಕಡೆಯ ಏಳು ಹಳ್ಳಿಯವರು ಇವರನ್ನೇ ಕೇಳುತ್ತಾರೆ. ಕೇಳದಿದ್ದರೂ ಇವರು ಹೇಳುತ್ತಾರೆ.

ಮಾತು ಚೆನ್ನಾಗಿಯೇ ನಡೆದಿತ್ತು. ಬರುವ ಶುಕ್ರವಾರ ನಿಶ್ಚಿತಾರ್ಥ ಎಂದು ಅವರ ಬಾಯಲ್ಲಿ ಬರುವುದೊಂದು ಬಾಕಿ. ಅಷ್ಟರಲ್ಲಿ ಅವರು ಕೋಡುಬಳೆ ಕಡಿಯುತ್ತ, "ಈಗಿನ್ ಮಕ್ಳು ಕೆಡೋದೇ ಮೊಬೈಲು, ಕತೆ ಪುಸ್ತಕದಿಂದ ಕಣಪ್ಪ" ಎಂದರು.

"ನಮ್ ಸಿರಿ ಪಠ್ಯಪುಸ್ತಕ ಬಿಟ್ರೆ ಬೇರೆ ಪುಸ್ತಕ ಕೈಲೂ ಮುಟ್ಟಲ್ಲ ಯಜಮಾನ್ರೇ" ಎಂದೆ. ಯಾರೂ ಕೇಳಿರಲಿಲ್ಲ.

ಕೋಣೆಯ ಬಾಗಿಲು ತೆರೆಯಿತು. ಸಿರಿ ಹೊರಗೆ ಬಂದಳು. ಕಣ್ಣು ಮೂಗು ಎಲ್ಲ ಸೇರಿ ಸುರಿಯುತ್ತಿತ್ತು. "ಅಪ್ಪಾ, ಓಗಾವಾ ಸಾರ್ ಸತ್ತೋದ್ರು!" ಎಂದವಳೇ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡಳು.

ಕೋಡುಬಳೆ ಕಡಿಯುವ ಸದ್ದು ನಿಂತಿತು. ದೊಡ್ಡಹನುಮಯ್ಯನವರು ಕೇಳಿದರು: "ಯಾರಪ್ಪ ಸತ್ತೋರು?"

"ಒಬ್ರು ಪೊಲೀಸ್ ಇನ್ಸ್‌ಪೆಕ್ಟರು, ಯಜಮಾನ್ರೇ."

"ಏನಾಗಿತ್ತು?"

"ಭಯೋತ್ಪಾದಕರು ಬಿಲ್ಡಿಂಗ್‌ಗೆ ಬಾಂಬ್ ಇಟ್ಟಿದ್ರು. ಇವ್ರೊಬ್ರೇ ಒಳೀಕ್ ನುಗ್ಗುದ್ರು." ಹದಿನೈದು ದಿನದಿಂದ ಊಟದ ಹೊತ್ತಿಗೆ ಸಿರಿ ಇದನ್ನೇ ಹೇಳುತ್ತಿದ್ದಳು. ನನಗೂ ಬಾಯಿಪಾಠವಾಗಿತ್ತು.

"ನಿಮ್ಗೇನಾಗ್ಬೇಕು?"

ಮಗು ಅಷ್ಟೊಂದು ಅಳುತ್ತಿರುವಾಗ ಏನೂ ಆಗಬೇಕಿಲ್ಲ ಎನ್ನುವುದು ಹೇಗೆ? ಜೊತೆಗೆ, ಮನೆತನದಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಇದ್ದರೆ ಸಂಬಂಧಕ್ಕೆ ಒಳ್ಳೆಯದೇ ಎಂದು ಆ ಕ್ಷಣ ಅನಿಸಿತು. "ನಮ್ಮೋರೇ" ಎಂದೆ.

"ತಾಯಿ ಕಡೆನೋ, ತಂದೆ ಕಡೆನೋ?"

ತಾಯಿ ಕಡೆ ಎಂದಿದ್ದರೆ ಮೂರು ದಿನಕ್ಕೆ ಮುಗಿಯುತ್ತಿತ್ತು. ಆದರೆ ನನ್ನ ತಾಯಿ ವೆಂಕಟಲಕ್ಷ್ಮಮ್ಮ ಎದುರಿಗೇ ಕೂತಿದ್ದರು. ಗೊತ್ತುಗುರಿಯಿಲ್ಲದ ಒಬ್ಬನನ್ನು ಅವರ ತವರಿಗೆ ಸೇರಿಸಿದರೆ ಅಲ್ಲೇ ಎದ್ದು ನಿಲ್ಲುತ್ತಾರೆ. ನನ್ನ ತಂದೆ ತೀರಿಕೊಂಡು ಆರು ವರ್ಷವಾಗಿದೆ, ಅವರು ತಕರಾರು ಮಾಡುವ ಹಾಗಿರಲಿಲ್ಲ. "ತಂದೆ ಕಡೆ" ಎಂದೆ.

"ಹತ್ರದೋರಾ?"

"ತುಂಬಾ ದೂರ." ಆ ಹೊತ್ತು ನಾನಾಡಿದ ಮಾತುಗಳಲ್ಲಿ ಇದೊಂದು ನಿಜ.

"ಎಷ್ಟು ದೂರ ಆದ್ರೂ ದಾಯಾದಿ ದಾಯಾದಿನೇ." ಅವರು ಅರ್ಧ ಕಡಿದ ಕೋಡುಬಳೆಯನ್ನು ತಟ್ಟೆಗೆ ವಾಪಸು ಇಟ್ಟರು. "ಸೂತಕದ ಮನೆ. ಎದ್ದೇಳ್ರಪ್ಪ."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಬೆರಳು ಮಡಿಸಿ ಎಣಿಸಿದರು. "ಮುಂದಿನ್ ವಾರದ ಬುಧವಾರಕ್ಕೆ ಹನ್ನೊಂದು ದಿನ. ಅವತ್ತು ತಿಥಿ, ನಾನೂ ಬತ್ತೀನಿ. ಗುರುವಾರ ನಿಶ್ಚಿತಾರ್ಥ ಇಟ್ಕಳಣ. ಶುಕ್ರವಾರ ಅಮಾಸೆ, ಶನಿವಾರದಿಂದ ಆಷಾಢ. ಗುರುವಾರ ತಪ್ತು ಅಂದ್ರೆ ಈ ಮಾತು ಇಲ್ಲಿಗೆ ಬುಡಣ. ಹುಡುಗುಂಗೆ ಮಾಗಡಿ ಕಡೇನೂ ಒಂದು ಹೆಣ್ಣು ನೋಡವ್ರೆ."

ಅವರ ಹಿಂದೆ ನಿಂತಿದ್ದ ಮುನಿಕೃಷ್ಣ ಮಮತಾ ಕಡೆ ನೋಡಿದ. ಮಮತಾ ನನ್ನ ಕಡೆ ನೋಡಿದಳು. ನಾನು ಕೋಡುಬಳೆ ಕಡೆ ನೋಡಿದೆ.

ಕಾರು ತಿರುವು ದಾಟಿದ ಮೇಲೆ ಮನೆಯಲ್ಲಿ ವಿಚಾರಣೆ ನಡೆಯಿತು. "ಒಂದ್ ಕತೆ ಪುಸ್ತಕ ಅಂತ ಹೇಳಕ್ಕೆ ನಿಮ್ಗೇನಾಗಿತ್ತು?" ಎಂದಳು ನನ್ನ ಹೆಂಡತಿ ಲತಾಮಣಿ. ಈಗಲೇ ಫೋನ್ ಮಾಡಿ ನಿಜ ಹೇಳುತ್ತೇನೆ ಎಂದೆ. ಅಮ್ಮ ಫೋನ್ ಕಿತ್ತುಕೊಂಡರು.

"ಸುಳ್ಗಾರ್ರ ಮನೆ ಹೆಣ್ಣು ಬ್ಯಾಡ ಅಂತಾರೆ ಕಣ್ಲಾ. ಸತ್ತ ಅಂತ ನೀನೇ ಅಂದ್ಮೇಲೆ ಸತ್ತ. ತಿಥಿ ಮಾಡಿ ಕೈ ತೊಳ್ಕಳಣ."

"ಹಿಂದ್ಲು ಮೂರು ಸಂಬಂಧ ಜಾತಕದಲ್ಲಿ ಹೋದೋ. ಇದು ಜಪಾನಲ್ಲಿ ಹೋಯ್ತದೆ ಅಷ್ಟೇ" ಎಂದು ಮಮತಾ ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಡೈರಿಗೆ ಹೋಗುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಬಂದು ಸಾಲಿನಲ್ಲಿ ನಿಂತಿತ್ತು. ಎರಡು ಎಮ್ಮೆಯ ಒಡತಿ ಬೋರಮ್ಮ ಕ್ಯಾನನ್ನು ಎದೆಗವಚಿಕೊಂಡು ಕೇಳಿದಳು: "ನಟರಾಜಣ್ಣ, ಸೂತಕದ ಕೈಲಿ ಹಾಲು ಮುಟ್ಬೋದಾ?"

"ಹಾಲು ನೋಡೋದು ಮೆಷೀನು ಬೋರಮ್ಮ, ನಾನಲ್ಲ."

"ಮೆಷೀನ್ ಮುಟ್ಟೋರ್ಯಾರು?"

ಹತ್ತು ದಿನ ನಾನು ಡೈರಿಯ ಹೊಸ್ತಿಲಾಚೆ ಕೈಕಟ್ಟಿ ನಿಂತೆ. ಬೋರಮ್ಮನೇ ಒಳಗೆ ಕೂತು ಎಲ್ಲರ ಹಾಲನ್ನೂ ಪರೀಕ್ಷೆ ಮಾಡಿದಳು. ಆ ಹತ್ತು ದಿನ ನಮ್ಮೂರಿನ ಹಾಲಿನಲ್ಲಿ ನೀರು ಎಂಬುದೇ ಕಾಣಲಿಲ್ಲ. "ಎಲ್ಲಾ ಸತ್ತೋರ್ ಪುಣ್ಯ" ಎಂದಳು.

ಅವತ್ತೇ ಸಂಜೆ ಪಂಚಾಯ್ತಿ ಮೆಂಬರ್ ಸ್ವಾಮಿ ಬೈಕಿನಲ್ಲಿ ಬಂದ. ನಾನೂ ಅವನೂ ಒಂದೇ ಕ್ಲಾಸಿನಲ್ಲಿ ಫೇಲಾದವರು.

"ಏನ್ಲಾ ನಟರಾಜ, ನಮ್ಮೂರಲ್ಲಿ ಒಬ್ರು ಹುತಾತ್ಮರು ಆಗವ್ರೆ, ನಂಗೊಂದ್ ಮಾತು ಹೇಳ್ಬಾರ್ದೇನ್ಲಾ?"

"ಅವ್ರು ಈ ಊರೋರಲ್ಲ ಕಣ್ಲಾ."

"ದಾಯಾದಿ ಅಂದ್ಮೇಲೆ ಈ ಊರೇ. ಫೋಟೋ ಕೊಡು, ಫ್ಲೆಕ್ಸ್ ಹಾಕುಸ್ತೀನಿ."

"ಫೋಟೋ ಕೊಡಂಗಿಲ್ಲ ಸ್ವಾಮಿ. ಗುಪ್ತ ದಳ. ಮುಖ ತೋರ್ಸ್ಬಾರ್ದು."

ಮಾರನೇ ದಿನ ಅರಳಿಕಟ್ಟೆಯ ಮುಂದೆ ಫ್ಲೆಕ್ಸ್ ಎದ್ದಿತು. ಆರಡಿ ಎತ್ತರದ ಸ್ವಾಮಿ ಕೈಮುಗಿದು ನಿಂತಿದ್ದ. ಮೂಲೆಯಲ್ಲಿ ಒಂದು ಮೊಟ್ಟೆಯಾಕಾರದ ಚೌಕಟ್ಟು, ಅದರೊಳಗೆ ಒಂದು ಪೊಲೀಸ್ ಟೋಪಿ. ಮೇಲೆ 'ವೀರಮರಣವನ್ನಪ್ಪಿದ ನಮ್ಮೂರ ಹೆಮ್ಮೆಯ ಪುತ್ರನಿಗೆ ಶ್ರದ್ಧಾಂಜಲಿ', ಕೆಳಗೆ ದಪ್ಪಕ್ಷರದಲ್ಲಿ ಸ್ವಾಮಿಯ ಹೆಸರು. ಮೂರು ದಿನ ಹೊರಗಿನ ಊರಿನವರು ಸ್ವಾಮಿಯ ಮನೆಗೇ ಹೋಗಿ ಅವನ ಹೆಂಡತಿಗೆ ಸಮಾಧಾನ ಹೇಳುತ್ತಿದ್ದರು.

ಬುಧವಾರ ಬೈರಾಪಟ್ಟಣದಿಂದ ನನ್ನ ಸೋದರತ್ತೆ ನಾಗಲಕ್ಷ್ಮಮ್ಮ ಬಂದರು. ಬಸ್ಸಿನಿಂದ ಇಳಿದಲ್ಲಿಂದಲೇ ಎದೆ ಬಡಿದುಕೊಳ್ಳಲು ಶುರು ಮಾಡಿದ್ದರು. ನಾನು ಓಡಿಹೋಗಿ ಕಿವಿಯಲ್ಲಿ, "ಅತ್ತೆ, ಆ ಮನುಷ್ಯ ನಿಂಗೆ ಗೊತ್ತಿಲ್ಲ" ಎಂದೆ.

"ಗೊತ್ತಿಲ್ವಾ? ಈ ಕಂಕುಳಲ್ಲಿ ಎತ್ತಿ ಆಡ್ಸಿವ್ನಿ ಕಣೋ!" ತಂದೆ ಕಡೆಯ ದಾಯಾದಿ, ಅದರಲ್ಲೂ ಇನ್ಸ್‌ಪೆಕ್ಟರು, ತನಗೇ ಗೊತ್ತಿಲ್ಲ ಎಂದರೆ ಆ ಮನೆಯ ಹೆಣ್ಣುಮಗಳಿಗೆ ಎಷ್ಟು ಅವಮಾನ. "ನಮ್ಮನೆ ಮಾವಿನ ಮರದಿಂದ ಬಿದ್ದು ಮೊಣಕಾಲು ಒಡಕಂಡಿದ್ದ. ನಾನೇ ಅರಿಶಿನ ಹಚ್ಚಿದ್ದೆ."

ಸಿರಿ ಒಳಗೆ ಹೋಗಿ ನಾಲ್ಕನೇ ಪುಸ್ತಕ ತಿರುವಿ ಬಂದಳು. "ಅಪ್ಪ, ಮೊಣಕಾಲಲ್ಲಿ ಗಾಯದ ಕಲೆ ಇರೋದು ನಿಜ" ಎಂದಳು.

ಹನ್ನೆರಡು ಪುಸ್ತಕದಲ್ಲಿ ಓಗಾವಾ ಸಾಹೇಬರ ಬಾಲ್ಯದ ಬಗ್ಗೆ ಒಂದು ಸಾಲೂ ಇಲ್ಲವಂತೆ. ನಮ್ಮೂರಿನಲ್ಲಿ ಒಂದೇ ವಾರದಲ್ಲಿ ಅವರಿಗೆ ಬಾಲ್ಯ, ತುಂಟತನ, ಚನ್ನಪಟ್ಟಣದಲ್ಲಿ ಒಂದು ಕೈತಪ್ಪಿದ ಹೆಣ್ಣು, ಎಲ್ಲ ಒದಗಿಬಂದವು.

ಗುರುವಾರ ಪೊಲೀಸರೇ ಬಂದರು. ಎಎಸ್ಐ ಬಾಲರಾಜು. ಅರಳಿಕಟ್ಟೆಯ ಫ್ಲೆಕ್ಸ್ ನೋಡಿ ಅಲ್ಲಿಂದ ನೇರ ನಮ್ಮ ಮನೆಗೆ.

"ಯಾವ್ ಬ್ಯಾಚ್ರೀ? ಯಾವ್ ಸ್ಟೇಷನ್ನು? ನಮ್ ಇಲಾಖೆಯೋರು ಹೋಗ್ಬಿಟ್ರೆ ನಮ್ಗೇ ಗೊತ್ತಿಲ್ಲ ಅಂದ್ರೆ ಹೆಂಗೆ?"

ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹಸುವಿನ ಮುಂದೆ ಎಲ್ಲ ಒಪ್ಪಿಕೊಂಡೆ. ಸಾಕ್ಷಿಗೆ ಓಗಾವಾ ಸಾಹೇಬರು ಸಾಯುವ ಹನ್ನೆರಡನೇ ಪುಸ್ತಕ ಕೊಟ್ಟೆ. ಅವರು ಕುರ್ಚಿ ಹಾಕಿಸಿಕೊಂಡು ಎರಡು ಪುಟ ನೋಡಿದರು. "ಮೊದಲ್ನೇ ಪುಟದಲ್ಲಿ ಸತ್ತವ್ರೆ, ಎರಡ್ನೇದ್ರಲ್ಲಿ ಎದ್ದು ಓಡ್ತಾವ್ರೆ. ಇದ್ರಲ್ಲಿ ಅಳೋದೇನೈತೆ?"

ಸಿರಿ ಪುಸ್ತಕವನ್ನು ಅವರ ಕೈಯಲ್ಲಿ ತಿರುಗಿಸಿಟ್ಟಳು. ಬಾಲರಾಜು ಮೊದಲಿನಿಂದ ಓದತೊಡಗಿದರು. ಎರಡು ಗಂಟೆಯ ನಂತರ ಕೊಟ್ಟಿಗೆಯಿಂದ ಹೊರಗೆ ಬಂದಾಗ ಕಣ್ಣು ಕೆಂಪಗಾಗಿತ್ತು.

"ಹೆಚ್ಚಿನ ಫೋರ್ಸ್ ಬರೋವರ್ಗೂ ಕಾಯ್ಬೇಕಿತ್ತು. ಒಬ್ರೇ ಒಳಗೆ ಹೋಗ್ಬಾರ್ದಿತ್ತು" ಎಂದರು. ಬೈಕ್ ಹತ್ತುವಾಗ ಮತ್ತೆ ಹೇಳಿದರು: "ತಿಥಿಗೆ ಬತ್ತೀನಿ. ಯೂನಿಫಾರ್ಮಲ್ಲೇ ಬತ್ತೀನಿ."

ತಿಥಿಯ ಬುಧವಾರ ಬಂತು. ಓಗಾವಾ ಸಾಹೇಬರಿಗೆ ಹೆಂಡತಿ ಮಕ್ಕಳಿಲ್ಲದ್ದರಿಂದ ಕರ್ಮ ಮಾಡುವವನು ನಾನೇ. ಮೀಸೆ ಹೋಯಿತು. ಬೆಳಿಗ್ಗೆ ಹತ್ತಕ್ಕೆ ದೊಡ್ಡಹನುಮಯ್ಯನವರು ಮುನಿಕೃಷ್ಣನ ಜೊತೆ ಬಂದು ಹಿತ್ತಿಲ ಬೇಲಿಯ ಪಕ್ಕ ಕುರ್ಚಿಯಲ್ಲಿ ಕೂತರು. ಅವರ ಗಡ್ಡವೂ ಬೆಳೆದಿತ್ತು. "ನಾಳೆ ನೆಂಟ್ರಾಗೋರು. ಅದ್ಕೇ ನಾನೂ ಕ್ಷೌರ ಮಾಡುಸ್ಲಿಲ್ಲ" ಎಂದರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಬಿರಿಯಲಿಲ್ಲ.

ಹಿತ್ತಿಲ ಕಲ್ಲುಚಪ್ಪಡಿಯ ಮೇಲೆ ಎಡೆ ಇಟ್ಟೆವು. ಬಾಳೆಲೆಯಲ್ಲಿ ಮುದ್ದೆ, ಅನ್ನ, ಸಾರು, ಪಾಯಸ, ಒಂದೇ ಒಂದು ದೊಡ್ಡ ವಡೆ. ಸತ್ತವರಿಗೆ ಇಷ್ಟವಾದದ್ದನ್ನೂ ಇಡಬೇಕು, ಹಾಗಾಗಿ ಸಿರಿ ಒಂದು ಬಟ್ಟಲು ನೂಡಲ್ಸ್ ಇಟ್ಟಳು.

"ಮುದ್ದೆ ಅವ್ರು ತಿಂತಿರ್ಲಿಲ್ಲ ಅಜ್ಜಿ."

"ತಿನ್ದೆ ಇದ್ದಿದ್ಕೇ ಹಿಂಗಾಗಿರೋದು" ಎಂದರು ಅಮ್ಮ.

ಇನ್ನು ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಸತ್ತವರಿಗೆ ತೃಪ್ತಿ, ನಮಗೆ ಸೂತಕ ಕಳೆಯಿತು. ತೆಂಗಿನ ಮರದ ಮೇಲೆ ಒಂದು ಕಾಗೆ ಇತ್ತು. ಎಡೆಯನ್ನು ಒಂದು ಸಲ ನೋಡಿ ಆ ಕಡೆಗೆ ಮುಖ ತಿರುಗಿಸಿತು.

ಹನ್ನೊಂದಾಯಿತು. ದೊಡ್ಡಹನುಮಯ್ಯ ಗಂಭೀರವಾದರು. "ಮನ್ಸಲ್ಲಿ ಏನೋ ಉಳ್ಕಂಡೈತೆ. ಒಬ್ಬೊಬ್ರಾಗಿ ಮಾತು ಕೊಡ್ರಪ್ಪ."

ನಾಗಲಕ್ಷ್ಮತ್ತೆ ಮುಂದೆ ಬಂದರು. "ಆ ಮಾವಿನ ಮರ ಕಡ್ಸಲ್ಲ ಕಣ್ ಮಗ." ಕಾಗೆ ಅಲ್ಲಾಡಲಿಲ್ಲ.

ಸ್ವಾಮಿ ಕೈಮುಗಿದ. "ನಿಮ್ ಹೆಸ್ರಲ್ಲಿ ಬಸ್ ತಂಗುದಾಣ ಮಾಡುಸ್ತೀನಿ." ಕಾಗೆ ರೆಕ್ಕೆ ಕೆದರಿ ಹಿಕ್ಕೆ ಹಾಕಿತು.

ಬಾಲರಾಜು ಯೂನಿಫಾರ್ಮಿನಲ್ಲಿ ಎಡೆಯ ಮುಂದೆ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದರು. "ಬಾಂಬ್ ಇಟ್ಟೋರ್ನ ಬುಡಲ್ಲ ಸಾರ್." ಕಾಗೆ ಮೇಲಿನ ತೆಂಗಿನ ಗರಿಯಿಂದ ಕೆಳಗಿನ ಗರಿಗೆ ಇಳಿಯಿತು. ಮತ್ತೆ ಮೇಲಕ್ಕೆ ಹೋಗಿ ಕೂತಿತು.

"ಹನ್ನೆರಡು ದಾಟುದ್ರೆ ಲೆಕ್ಕಕ್ಕಿಲ್ಲ. ಸೂತಕ ಕಳಿಯಲ್ಲ, ನಾಳೆ ಶಾಸ್ತ್ರನೂ ಇಲ್ಲ" ಎಂದರು ದೊಡ್ಡಹನುಮಯ್ಯ. ಮಮತಾ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುನಿಕೃಷ್ಣ ಯಾರಿಗೂ ಕಾಣದ ಹಾಗೆ ತೆಂಗಿನ ಮರದ ಬುಡಕ್ಕೆ ಹೋಗಿ, ಮೇಲೆ ನೋಡಿ, "ಬಾರಪ್ಪ, ಒಸಿ ಬಾರಪ್ಪ" ಎನ್ನುತ್ತಿದ್ದ. ಎಲ್ಲರಿಗೂ ಕಂಡಿತು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಹಿತ್ತಿಲ ಗೇಟಿಗೆ ಸೈಕಲ್ ಬಂದು ಬಡಿಯಿತು. ಮುನ್ನೀ. ಕೈಯಲ್ಲಿ ಹದಿಮೂರನೇ ಪುಸ್ತಕ.

"ಸಿರೀ! ಓಗಾವಾ ಸಾರ್ ಸತ್ತಿಲ್ಲ ಕಣೇ! ಆಸ್ಪತ್ರೇಲವ್ರೆ!"

ಮೊದಲು ಬಾಯಿ ಬಿಟ್ಟವರು ಬಾಲರಾಜು. "ನಾನ್ ಅವತ್ತೇ ಅಂದ್ಕಂಡೆ. ಬಾಡಿ ತೋರ್ಸಿರ್ಲಿಲ್ಲ."

ದೊಡ್ಡಹನುಮಯ್ಯನವರು ಕೈ ಚಾಚಿದರು. ಮುನ್ನೀ ಪುಸ್ತಕ ಕೊಟ್ಟಳು. ಹಾಸಿಗೆಯ ಮೇಲೆ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಓಗಾವಾ ಸಾಹೇಬರನ್ನು ಅವರು ಬಹಳ ಹೊತ್ತು ನೋಡಿದರು. "ಇವ್ರೇನಾ?"

ಇನ್ನು ತಡೆಯಲಾಗಲಿಲ್ಲ. "ಯಜಮಾನ್ರೇ, ಅದು ಬರೆದ ಕತೆ. ಆ ಮನುಷ್ಯನೇ ಇಲ್ಲ. ನಾನು ಸುಳ್ಳು ಹೇಳ್ದೆ. ನಮ್ ಮಮತಾಗೆ ಇದ್ರಲ್ಲಿ ಏನೂ ಸಂಬಂಧ ಇಲ್ಲ" ಎಂದೆ.

"ನಾ ಎತ್ತಿ ಆಡ್ಸಿದ್ದು ಬೇರೆ ಯಾರ್ನೋ ಇರ್ಬೇಕು" ಎಂದರು ನಾಗಲಕ್ಷ್ಮತ್ತೆ.

ದೊಡ್ಡಹನುಮಯ್ಯ ಗಡ್ಡ ಸವರಿಕೊಂಡರು. "ಸುಳ್ಳು ನಿಂದು, ಅದ್ನ ಆಮೇಲ್ ಮಾತಾಡಣ. ಸೂತಕ ಹಿಡಿದಿದ್ದು ನಿಜ, ಎಡೆ ಇಟ್ಟಿರೋದು ನಿಜ. ಈಗ ಮನುಷ್ಯ ಬದುಕಿದ್ರೆ ಬೇರೆ ತೊಡಕೈತೆ. ತಿಥಿ ಆದೋನು ಬದುಕಿ ಬಂದ್ರೆ ಮತ್ತೆ ಹುಟ್ಟಿದಂಗೆ. ಹುಟ್ಟಿದ್ ಮನೇಲಿ ಪುರುಡಿನ ಸೂತಕ. ಅದೂ ಹನ್ನೊಂದು ದಿನ."

ಮಮತಾ ಚೌಕಟ್ಟಿನ ಮೇಲಿನ ಕೈ ತೆಗೆದಳು. ಹನ್ನೊಂದು ದಿನ ಎಂದರೆ ಆಷಾಢ, ಆಷಾಢ ಎಂದರೆ ಮಾಗಡಿಯ ಹೆಣ್ಣು.

ಆಗ ನನ್ನ ತಾಯಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಅಣ್ಣಯ್ಯ, ಒಂದ್ ನಿಮಿಷ. ಕಾಗೆ ಮುಟ್ಟ್‌ತಾ?"

"ಇಲ್ಲ."

"ಕಾಗೆ ಮುಟ್ದೆ ತಿಥಿ ಆಯ್ತದಾ?"

ದೊಡ್ಡಹನುಮಯ್ಯ ಯೋಚಿಸಿದರು. "ಆಗಲ್ಲ."

"ತಿಥಿನೇ ಆಗಿಲ್ಲ ಅಂದ್ಮೇಲೆ ಮತ್ತೆ ಹುಟ್ಟೋದು ಎಲ್ಲಿಂದ ಬಂತು? ಸತ್ತೂ ಇಲ್ಲ, ಹುಟ್ಟೂ ಇಲ್ಲ. ಯಾವ್ ಸೂತಕನೂ ಇಲ್ಲ."

"ನ್ಯಾಯ" ಎಂದರು ಅವರು ನಿಧಾನವಾಗಿ. "ಹನ್ನೆರಡರವರ್ಗೂ ಕಾಗೆ ಮುಟ್ದಿದ್ರೆ ನ್ಯಾಯ."

ಅಷ್ಟರಲ್ಲಿ ಕಾಗೆ ತೆಂಗಿನ ಮರದಿಂದ ಹಾರಿತು.

ಎರಡು ಗಂಟೆಯಿಂದ ಅದನ್ನು ಅಪ್ಪ ಅಣ್ಣ ಎಂದು ಕರೆಯುತ್ತಿದ್ದ ಊರಿಗೆ ಊರೇ "ಹುಷ್! ಹುಷ್!" ಎಂದು ಎದ್ದಿತು. ಬಾಲರಾಜು ಲಾಠಿ ಬೀಸಿದರು. ಏಟು ಸ್ವಾಮಿಗೆ ಬಿತ್ತು. ಸ್ವಾಮಿ ಟವೆಲ್ ಎಸೆದ, ಅದು ದೊಡ್ಡಹನುಮಯ್ಯನವರ ತಲೆಯ ಮೇಲೆ ಕೂತಿತು. ಬೋರಮ್ಮ ಬೇಲಿಯಾಚೆಯಿಂದಲೇ ಕೂಗಿಕೊಂಡಳು. ನಾಗಲಕ್ಷ್ಮತ್ತೆ, "ಮುಟ್ಬ್ಯಾಡ ಕಣ್ ಮಗ, ಬದುಕಿದ್ದೀಯ ಕಣ್ ಮಗ" ಎಂದು ಕಾಗೆಗೇ ಅಂಗಲಾಚಿದರು. ಕಾಗೆ ಇವರೆಲ್ಲರ ನಡುವೆ ತೂರಿ ಚಪ್ಪಡಿಯ ತುದಿಗೆ ಇಳಿದು, ನೂಡಲ್ಸನ್ನು ಬಿಟ್ಟು, ಮುದ್ದೆಯನ್ನೂ ಬಿಟ್ಟು, ವಡೆಯ ಕಡೆಗೆ ಎರಡು ಹೆಜ್ಜೆ ಇಟ್ಟಿತು.

ಮಮತಾ ಅಡುಗೆಮನೆಯಿಂದ ಓಡಿ ಬಂದಳು. ಬಂದ ರಭಸಕ್ಕೆ ಎಲೆಯನ್ನು ಎಡೆಯ ಸಮೇತ ಸುತ್ತಿ ಅಮ್ಮನ ಕಡೆ ತಳ್ಳಿದಳು. ವಡೆ ಎಲೆಯಿಂದ ಜಾರಿ ಕಲ್ಲಿನ ಮೇಲೆ ಉಳಿಯಿತು. ಕಾಗೆ ಕೊಕ್ಕು ಚಾಚಿತು. ಮಮತಾ ವಡೆಯನ್ನು ಎತ್ತಿ ಇಡಿಯಾಗಿ ತನ್ನ ಬಾಯಿಗೆ ಹಾಕಿಕೊಂಡಳು.

ಕಾಗೆ ಅವಳನ್ನು ನೋಡಿತು. ಅವಳು ಕಾಗೆಯನ್ನು ನೋಡುತ್ತ ಅಗಿಯತೊಡಗಿದಳು. ಸತ್ತವರ ಎಡೆಯನ್ನು ಕಾಗೆಗೆ ಮುಂಚೆ ಮುಟ್ಟಬಾರದು ಎಂಬುದು ಹುಟ್ಟಿದ ಮಗುವಿಗೂ ಗೊತ್ತು. ಸತ್ತೇ ಇಲ್ಲದವರ ಎಡೆಯ ಬಗ್ಗೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ದೊಡ್ಡಹನುಮಯ್ಯನವರ ಕಡೆ ತಿರುಗಿದೆವು.

ಅವರು ತಲೆಯ ಮೇಲಿನ ಟವೆಲ್ ತೆಗೆದು ಮಡಿಸಿ ಸ್ವಾಮಿಗೆ ಕೊಟ್ಟರು. ಗಡಿಯಾರ ನೋಡಿಕೊಂಡರು. ಹನ್ನೆರಡಕ್ಕೆ ಇನ್ನೂ ಮೂರು ನಿಮಿಷವಿತ್ತು. ಮೂರು ನಿಮಿಷವೂ ಸುಮ್ಮನೆ ಕೂತರು. ಮಮತಾ ಅಗಿಯುವ ಸದ್ದೊಂದೇ ಕೇಳುತ್ತಿತ್ತು. ವಡೆ ದೊಡ್ಡದಿತ್ತು, ಬೆಳಿಗ್ಗೆ ಕರಿದದ್ದರಿಂದ ಒಣಗಿಯೂ ಇತ್ತು.

"ಆಯ್ತು" ಎಂದು ಅವರು ಎದ್ದರು. "ಕಾಗೆ ಮುಟ್ಟಿಲ್ಲ. ನಾಳೆ ಹತ್ ಗಂಟೆಗೆ ಬತ್ತೀವಿ. ಮಾಗಡಿಯೋರ್ಗೆ ನಾನೇ ಫೋನ್ ಮಾಡ್ತೀನಿ."

ಮುನಿಕೃಷ್ಣ ಅಡುಗೆಮನೆಗೆ ಹೋಗಿ, ಯಾರನ್ನೂ ಕೇಳದೆ, ಒಂದು ಚೊಂಬು ನೀರು ತಂದು ಮಮತಾ ಮುಂದೆ ಹಿಡಿದ. ಅವಳು ತುಂಬಿದ ಬಾಯಲ್ಲೇ ಚೊಂಬು ಇಸಿದುಕೊಂಡಳು.